ಗಜಾಯದ ಕೋಳಿಗೂಡು

ಇವತ್ತು ಬೆಳಿಗ್ಗೆ ಕರೆಂಟಿನವರು ಬಂದು ನಮ್ಮ ಬೀದಿಯ ಬೇವಿನ ಮರದ ಕೊಂಬೆಗಳನ್ನು ಕಡಿದು ಹಾಕಿದರು. ತಂತಿಗೆ ತಾಗುತ್ತಿದ್ದವಂತೆ. ನಾನು ಒಳಗೆ ಕೂತು ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಗರಗಸದ ಸದ್ದು ನಿಂತ ಮೇಲೆ ಕೊಯ್ದ ಬೇವಿನ ಕಹಿ ವಾಸನೆ ಕಿಟಕಿಯಿಂದ ಒಳಕ್ಕೆ ಬಂತು. ಸೂಜಿ ಹಿಡಿದ ಕೈ ಅಲ್ಲೇ ನಿಂತಿತು. ಗೋಡೆಯಾಚೆಯ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಅಂದರೆ ರಕ್ತಸಂಬಂಧವೇನಲ್ಲ. ಅಶೋಕಪುರಂನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಎಂಟು ವರ್ಷ ಆ ಗೋಡೆಯ ಮೇಲೆ ಸಾರು, ಹಪ್ಪಳ, ಒಗ್ಗರಣೆಗೆ ಕರಿಬೇವು ಎಲ್ಲ ಆಚೀಚೆ ಓಡಾಡಿವೆ. ಅವರ ಹೆಂಡತಿಯನ್ನು ದೊಡ್ಡಮ್ಮ ಅಂತ ಕರೆಯುತ್ತಿದ್ದೆ, ಹಾಗಾಗಿ ಅವರು ದೊಡ್ಡಪ್ಪ ಆದರು. ಅವರು ಒಂದು ಕಲ್ಯಾಣಮಂಟಪದಲ್ಲಿ ವಾಚ್‌ಮನ್ ಆಗಿದ್ದು ಕೆಲಸ ಬಿಟ್ಟವರು. ಬೀದಿಗೆಲ್ಲ ಅವರು ವಾಚ್‌ಮನ್ ತಾತ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ನಂಜನಗೂಡಿನ ಕಡೆಯಿಂದ ನನ್ನ ತಂಗಿ ಬಂದಳು, ಬುಟ್ಟಿಯಲ್ಲಿ ನಾಲ್ಕು ನಾಟಿ ಕೋಳಿ ಇಟ್ಟುಕೊಂಡು. ಇನ್ನೂ ಮೊಟ್ಟೆಗೆ ಬರದ ಎಳೆಯವು. 'ಒಬ್ಬಳೇ ಇರ್ತೀಯ, ಮನೇಲಿ ಏನಾದ್ರೂ ಉಸಿರಾಡ್ಲಿ' ಅಂದಳು. ಅವಳು ಹೋದ ಮೇಲೆ ನನಗೆ ಪೀಕಲಾಟ ಶುರುವಾಯಿತು. ಬೀದಿ ತುಂಬ ನಾಯಿ, ಮಾಡಿನ ಮೇಲೆ ಬೆಕ್ಕು. ದಿನಾ ಸಂಜೆ ನಾಲ್ಕನ್ನೂ ಹಿಡಿದು ಬಚ್ಚಲುಮನೆಯಲ್ಲಿ ಮಂಕರಿ ಕವುಚಿ, ಮೇಲೊಂದು ಗುಂಡುಕಲ್ಲು ಹೇರುತ್ತಿದ್ದೆ. ಬೆಳಗಾದರೆ ಸ್ನಾನಕ್ಕೆ ಮುಂಚೆ ಬಚ್ಚಲು ತೊಳೆಯುವ ಸೇವೆ.

ಅಂಗಡಿಯಲ್ಲಿ ಕಬ್ಬಿಣದ ಗೂಡೊಂದಕ್ಕೆ ಹೇಳಿದ ಬೆಲೆಗೆ ಇನ್ನೊಂದು ಹೊಲಿಗೆ ಮಷಿನ್ನೇ ಬರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. ಸರಿ, ಮರಗೆಲಸದವನೊಬ್ಬನನ್ನು ಕರೆಸಿದೆ. ಅವನು ಹಿತ್ತಲು ನೋಡಿ, ನನ್ನನ್ನು ನೋಡಿ, 'ಮನೇಲಿ ಗಂಡಸ್ರು ಯಾರೂ ಇಲ್ವಾ? ಅಳತೆ ಮಾತಾಡ್ಬೇಕಿತ್ತು' ಅಂದ. ಇಪ್ಪತ್ತೆರಡು ವರ್ಷದಿಂದ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಓಡಾಡುವವಳ ಹತ್ತಿರ ಅಳತೆ ಮಾತಾಡುವುದಕ್ಕೆ ಗಂಡಸು ಬೇಕಂತೆ! ನನ್ನ ಬಾಯಿ ಮೊದಲೇ ಸ್ವಲ್ಪ ಜೋರು. ಅವನನ್ನು ಬಾಗಿಲ ತನಕ ಬಿಟ್ಟು ಬಂದು, ನಾನೇ ಮಾಡುತ್ತೇನೆ ಅಂತ ತೀರ್ಮಾನ ಮಾಡಿದೆ.

ಗುಜರಿ ಅಂಗಡಿಯಿಂದ ಎರಡು ಪ್ಯಾಕಿಂಗ್ ಪೆಟ್ಟಿಗೆ, ಒಂದು ಹಳೇ ಬಾಗಿಲ ರೆಕ್ಕೆ, ತುಂಡು ಜಾಲರಿ, ಸೊಟ್ಟಗಾದ ತಗಡು, ಇಷ್ಟನ್ನು ಆಟೋದಲ್ಲಿ ಹೇರಿಕೊಂಡು ಬಂದೆ. ಸುತ್ತಿಗೆ ಮನೆಯಲ್ಲಿತ್ತು. ಗರಗಸ ಕೊಂಡೆ. ಮೊದಲ ದಿನ ನಾಲ್ಕು ಹಲಗೆ ಜೋಡಿಸಿ ಮೊಳೆ ಹೊಡೆದು ಎತ್ತಿ ನಿಲ್ಲಿಸಿದೆ. ಕೈ ಬಿಟ್ಟ ಕೂಡಲೇ ಅದು ಪಕ್ಕಕ್ಕೆ ವಾಲಿ ಮಲಗಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನೂ ನೆಲವನ್ನೇ ಬೈದೆ.

ಆಗ ಗೋಡೆಯಾಚೆಯಿಂದ ದನಿ ಬಂತು. 'ಮೊಳೆನ ಅಂಚಿಗೆ ಒಡೀಬ್ಯಾಡ ಕಣವ್ವ. ಸೀಳೋಯ್ತದೆ.'

ನನಗೆ ಸಿಟ್ಟು ನೆತ್ತಿಗೇರಿತ್ತು. 'ಅಷ್ಟು ಗೊತ್ತಿದ್ರೆ ನೀವೇ ಬಂದು ಹೊಡೀರಿ ದೊಡ್ಡಪ್ಪ' ಅಂದೆ.

ಅವರು ಬಲಗೈಯನ್ನು ಗೋಡೆಯ ಮೇಲಕ್ಕೆ ಎತ್ತಿ ತೋರಿಸಿದರು. ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. 'ಈ ಕೈಲಾ?' ಅಂದರು. ಭೂಮಿ ಬಾಯಿಬಿಟ್ಟರೆ ಇಳಿದು ಹೋಗೋಣ ಅನ್ನಿಸಿತು. ಆ ಕೈ ನಡುಕವನ್ನು ನಾನು ನೋಡದೆ ಇರಲಿಲ್ಲ, ವಯಸ್ಸಿನದು ಅಂದುಕೊಂಡು ಸುಮ್ಮನಿದ್ದೆ. ಅದು ಮರಗೆಲಸದವರ ಕೈ ಅಂತ ಅವತ್ತು ಅವರೇ ಹೇಳಿ ತಿಳಿಯಿತು. ಮೂವತ್ತು ವರ್ಷ ಬಾಗಿಲು, ಕಿಟಕಿ ಮಾಡಿದವರು. ನಡುಕ ಶುರುವಾದ ಮೇಲೆ ಉಳಿ ಹಿಡಿಯಲಾಗದೆ ಮಂಟಪದ ಗೇಟು ಕಾಯಲು ಹೋಗಿದ್ದರು.

ಮಾರನೆಯ ದಿನದಿಂದ ಮಧ್ಯಾಹ್ನ ಊಟವಾದ ಮೇಲೆ ಅವರು ಗೋಡೆಯ ಆ ಕಡೆ ಎತ್ತರದ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಅವರು ಹೇಳುವುದು, ನಾನು ಮಾಡುವುದು. ಮೊದಲು ಹಲಗೆಗಳನ್ನೆಲ್ಲ ಒಂದೊಂದಾಗಿ ಗೋಡೆಯ ಮೇಲಿಡಿಸಿ ನೋಡಿದರು. ಹಳೇ ಬಾಗಿಲ ರೆಕ್ಕೆಯ ಮೂಲೆಯನ್ನು ಎರಡು ಎಳೆ ಗರಗಸ ಎಳೆಸಿ, ಬಗ್ಗಿ ಮೂಸಿದರು. 'ಬೇವು. ಇದುನ್ನ ಕೆಳಕ್ ಆಕು, ಗೆದ್ಲು ಮುಟ್ಟಕಿಲ್ಲ' ಅಂದರು. ಗೂಡು ನೆಲಕ್ಕೆ ತಾಗಬಾರದು, ನಾಲ್ಕು ಮೂಲೆಗೆ ಎರಡೆರಡು ಇಟ್ಟಿಗೆ ಕೊಡು. ತಗಡು ಹಿಂದಕ್ಕೆ ಇಳಿಜಾರಾಗಿರಲಿ. ಗಾಳಿ ಮೇಲಿನಿಂದ ಆಡಲಿ, ಕೋಳಿ ಕೂರುವ ಮಟ್ಟಕ್ಕೆ ಬೇಡ. ಕೂರುವ ಕೋಲಿನ ಅಂಚು ಉಜ್ಜಿ ದುಂಡಗೆ ಮಾಡು, ಇಲ್ಲದಿದ್ದರೆ ಕಾಲು ಹುಣ್ಣಾಗುತ್ತದೆ. ಹೊಸದು ಏನನ್ನೂ ಕೊಳ್ಳಲು ಬಿಡಲಿಲ್ಲ. ಪೆಟ್ಟಿಗೆಯಿಂದ ಕಿತ್ತ ಬಾಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿಸಿದರು.

ಅಳತೆಯ ವಿಷಯ ಬಂದಾಗ ಅವರು ಬೇರೆಯೇ ಮನುಷ್ಯರಾದರು. 'ಉದ್ದ ನಲವತ್ತೈದು ಇಂಚು, ಅಗಲ ಇಪ್ಪತ್ತೇಳು. ಒಂದು ಕೂದ್ಲೆಳೆ ಅತ್ಲಾಗಿಲ್ಲ, ಇತ್ಲಾಗಿಲ್ಲ' ಅಂದರು. ಯಾಕೆ ನಲವತ್ತೈದೇ, ಹಲಗೆ ಇನ್ನೂ ಉದ್ದ ಇದೆಯಲ್ಲ ಅಂದೆ. 'ಆಯ ನೋಡ್ಬ್ಯಾಡ್ವಾ? ಇದ್ಕೆ ಗಜಾಯ ಬತ್ತದೆ' ಅಂದರು.

ಮನೆಗೆ, ಬಾಗಿಲಿಗೆ ಆಯ ನೋಡುವುದು ಕೇಳಿದ್ದೆ. ಉದ್ದ ಅಗಲ ಗುಣಿಸಿ, ಇನ್ನೇನೋ ಗುಣಾಕಾರ ಮಾಡಿ, ಕೊನೆಗೆ ಎಂಟರಿಂದ ಭಾಗಿಸಿದರೆ ಉಳಿಯುವ ಸಂಖ್ಯೆಗೆ ಒಂದೊಂದು ಆಯ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ. ಇವು ಒಳ್ಳೆಯವು. ಹೊಗೆ, ನಾಯಿ, ಕತ್ತೆ, ಕಾಗೆ, ಇವು ಕೆಟ್ಟವು. ಆದರೆ ಕೋಳಿಗೂಡಿಗೆ ಆಯ ನೋಡಿದವರನ್ನು ಮೈಸೂರಿನಲ್ಲಿ ನಾನಂತೂ ಕಂಡಿರಲಿಲ್ಲ. ದೊಡ್ಡಪ್ಪನ ಮನೆಯ ಗೋಡೆಯ ಮೇಲಿದ್ದುದು ಬುದ್ಧನ ಫೋಟೋ ಒಂದೇ. ಹಬ್ಬಕ್ಕೆ ಮಾವಿನೆಲೆ ಕಟ್ಟುವುದನ್ನೂ ಬಿಟ್ಟವರು. 'ಇದನ್ನೆಲ್ಲ ನೀವು ನಂಬ್ತೀರಾ ದೊಡ್ಡಪ್ಪ?' ಅಂತ ಕೇಳಿಯೇಬಿಟ್ಟೆ.

'ನಂಬಕಿಲ್ಲ' ಅಂದರು. 'ಆದ್ರೆ ಲೆಕ್ಕ ಬತ್ತದೆ.'

ಆ ಲೆಕ್ಕದ ಕತೆಯನ್ನು ಅವರು ಒಂದೇ ದಿನ ಹೇಳಲಿಲ್ಲ. ಚೂರುಚೂರಾಗಿ, ನಾನು ಗರಗಸ ನಿಲ್ಲಿಸಿದಾಗಲೆಲ್ಲ ಒಂದೊಂದು ತುಂಡು... ಹನ್ನೆರಡು ವರ್ಷದವರಿದ್ದಾಗ ಒಬ್ಬ ಮೇಸ್ತ್ರಿಯ ಹತ್ತಿರ ಸೇರಿಕೊಂಡರಂತೆ. ಮೇಸ್ತ್ರಿ ಉಳಿ ಕಲಿಸಿದ, ಕೀಲು ಕಲಿಸಿದ, ಆಯ ಮಾತ್ರ ಕಲಿಸಲಿಲ್ಲ. 'ಅದು ನಿಮ್ಮೋರಿಗಲ್ಲ ಕಣೋ' ಅಂದನಂತೆ. ಆಯ ಲೆಕ್ಕ ಹಾಕುವಾಗ ಇವರನ್ನು ಟೀ ತರಲು ಕಳಿಸುತ್ತಿದ್ದನಂತೆ. ಇವರು ಮುಗಿದ ಬಾಗಿಲುಗಳನ್ನೆಲ್ಲ ಗುಟ್ಟಾಗಿ ಅಳೆದು, ಅಳತೆಗಳನ್ನು ಹಲಗೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟು, ಯಾವ ಲೆಕ್ಕಕ್ಕೆ ಈ ಉತ್ತರಗಳು ಬರುತ್ತವೆ ಅಂತ ಹಿಂದಿನಿಂದ ಮುಂದಕ್ಕೆ ಹುಡುಕಿದರು. ಎರಡು ವರ್ಷ ಹಿಡಿಯಿತಂತೆ. ನಾನು ಹತ್ತನೇ ಕ್ಲಾಸು ಪಾಸಾದವಳು, ನನಗೆ ಆಗುತ್ತಿರಲಿಲ್ಲ.

ಜಯಲಕ್ಷ್ಮಿಪುರಂನ ಎಷ್ಟೋ ಮನೆಗಳ ಮುಂಬಾಗಿಲು ಅವರ ಕೈಯವು. ಆದರೆ ಬಾಗಿಲು ಇಡುವ ದಿನ, ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಕೆಲಸ ಮಾಡಿದವರಿಗೆ ವೀಳ್ಯ ಕೊಡುವ ಹೊತ್ತಿಗೆ, ಇವರು ರಸ್ತೆಯಲ್ಲಿ ನಿಂತಿರಬೇಕಿತ್ತು. ಮೇಸ್ತ್ರಿ ಹೊಸ ಪಂಚೆ ಉಟ್ಟು ಬಂದು ವೀಳ್ಯ ತೆಗೆದುಕೊಳ್ಳುತ್ತಿದ್ದ. ಮನೆಯವರು ಯಾರ ಕೆಲಸ ಅಂತ ಕೇಳಿದರೆ, ನನ್ನದು ಅನ್ನುತ್ತಿದ್ದ. 'ಒಂದ್ ದಪನಾದ್ರೂ ಇವುನ್ದು ಕೆಲ್ಸ ಅಂತ ಕೈ ತೋರುಸ್ಲಿಲ್ಲ ಕಣವ್ವ' ಅಂದರು ದೊಡ್ಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಕೇಳಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಹಲಗೆಗಳನ್ನೆಲ್ಲ ನಾನೇ ಗುರುತು ಮಾಡಿ ಕೊಯ್ದೆ. ಜೋಡಿಸಿ ಟೇಪು ಹಿಡಿದರೆ ಉದ್ದ ನಲವತ್ತಾರು, ಅಗಲ ಇಪ್ಪತ್ತೆಂಟು. ದೊಡ್ಡಪ್ಪ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ ಗುಣಿಸಿದರು. 'ಓಯ್ತು, ಕಾಗೆ ಆಯ' ಅಂದರು. ಹೇಗಾಯಿತು ಅಂತ ನೋಡಿದರೆ, ನಾನು ಎಲ್ಲ ಹಲಗೆಗೂ ಎರಡೂ ತುದಿಗೆ ಅರ್ಧರ್ಧ ಇಂಚು ಹೊಲಿಗೆಗೆ ಅಂತ ಬಿಟ್ಟು ಕೊಯ್ದಿದ್ದೆ. ಗೊತ್ತಿದ್ದು ಮಾಡಿದ್ದಲ್ಲ. ಸೀಮೆಸುಣ್ಣ ಹಿಡಿದರೆ ಕೈ ತಾನಾಗಿ ಆಚೆಗೆ ಹೋಗುತ್ತದೆ, ಅಭ್ಯಾಸ. ಅದನ್ನು ಹೇಳಿದಾಗ ಅವರು ಸ್ಟೂಲಿನಿಂದ ಬೀಳುವ ಹಾಗೆ ನಕ್ಕರು. 'ಬಟ್ಟೆ ಮಡುಚ್ಕತದೆ, ಮರ ಮಡುಚ್ಕತದಾ?' ಅಂದರು. ದೊಡ್ಡಮ್ಮ ಒಳಗಿನಿಂದ ಓಡಿ ಬಂದು, ಏನಾಯಿತು ಅಂತ ಕೇಳಿದರು. ಅವರು ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತಂತೆ. ಅಷ್ಟೂ ಹಲಗೆಯನ್ನು ಇನ್ನೊಮ್ಮೆ ಕೊಯ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಬೇಸರ ಮಾತ್ರ ಆಗಲಿಲ್ಲ.

ಜಾಲರಿ ಹಾಕುವಾಗ ನನ್ನ ಸರದಿ ಬಂತು. ಮೊಳೆ ಬಗ್ಗಿಸಿ ಹಿಡಿಸಿದ್ದೆಲ್ಲ ಎರಡು ದಿನಕ್ಕೆ ಸಡಿಲವಾಗುತ್ತಿತ್ತು. ಬೆಕ್ಕಿನ ಪಂಜಕ್ಕೆ ಅಷ್ಟು ಸಂದು ಸಾಕು. ನಾನು ಹಲಗೆಯ ಅಂಚಿಗೆ ಸಣ್ಣ ತೂತು ಕೊರೆದು, ತೆಳು ಕಬ್ಬಿಣದ ತಂತಿ ತೆಗೆದುಕೊಂಡು, ರವಿಕೆಯ ಅಂಚು ಹೆಮ್ಮಿಂಗ್ ಮಾಡುವ ಹಾಗೆ ಜಾಲರಿಯನ್ನು ಸುತ್ತಲೂ ಹೊಲಿದೆ. ದೊಡ್ಡಪ್ಪ ಗೋಡೆಯ ಮೇಲೆ ಬಗ್ಗಿ ಬೆರಳಿನಿಂದ ಎಳೆದು ನೋಡಿದರು. ಅಲ್ಲಾಡಲಿಲ್ಲ. 'ಇದು ನಂಗೆ ಬತ್ತಿರ್ನಿಲ್ಲ ಮಗಾ' ಅಂದರು. ಯಾವ ಗಿರಾಕಿಯೂ ನನ್ನ ಕೆಲಸಕ್ಕೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

'ಬಾಗ್ಲು ಇಡೋ ದಿನ ಹೇಳು, ಬತ್ತೀನಿ' ಅಂದಿದ್ದರು. ಹೇಳಿದೆ. ಆ ಭಾನುವಾರ ಅವರು ಒಗೆದ ಬಿಳಿ ಶರ್ಟು, ಅಂಚಿನ ಪಂಚೆ ಉಟ್ಟು, ಬೀದಿ ಸುತ್ತಿಕೊಂಡು ನಮ್ಮ ಹಿತ್ತಲಿಗೆ ಬಂದರು. ಗೇಣುದ್ದದ ಕೋಳಿಬಾಗಿಲು. ಅವರು ಎರಡೂ ಕೈಯಲ್ಲಿ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದರು, ನಾನು ಕೀಲಿಗೆ ಸ್ಕ್ರೂ ಬಿಗಿದೆ. ಹಾಗೆ ಒತ್ತಿ ಹಿಡಿದಾಗ ಅವರ ಕೈ ನಡುಗಲಿಲ್ಲ. ನಾನು ಕಣ್ಣಾರೆ ನೋಡಿದೆ. ಆಮೇಲೆ ಬಾಗಿಲನ್ನು ನಾಲ್ಕೈದು ಸಲ ತೆಗೆದು ಹಾಕಿ ನೋಡಿ, ಕೈ ಕಟ್ಟಿಕೊಂಡು ಸುಮ್ಮನೆ ನಿಂತರು. ನಾನು ಒಳಗೆ ಹೋಗಿ ಕಾಫಿ ತಂದೆ. ಕುಡಿದು, ಇನ್ನೂ ಸ್ವಲ್ಪ ಹೊತ್ತು ನಿಂತು, ಬರುತ್ತೇನೆ ಅಂತ ಹೊರಟರು.

ಒಗೆದ ಬಟ್ಟೆ ಯಾಕೆ ಉಟ್ಟು ಬಂದಿದ್ದರು, ಯಾಕೆ ಅಷ್ಟು ಹೊತ್ತು ನಿಂತಿದ್ದರು ಅಂತ ನನಗೆ ಹೊಳೆಯಲೇ ಇಲ್ಲ. ಎರಡು ಎಲೆ, ಒಂದು ಅಡಿಕೆ. ಮನೆಯಲ್ಲೇ ಇತ್ತು. ಪೂಜೆಗೀಜೆ ಅವರಿಗೂ ಬೇಕಿರಲಿಲ್ಲ, ಕೆಲಸಕ್ಕೆ ಸಲ್ಲುವ ಆ ಎಲೆಯೊಂದು ಬೇಕಿತ್ತು. ಕತೆಯನ್ನೆಲ್ಲ ಹ್ಞೂಂ ಹ್ಞೂಂ ಅಂತ ಕೇಳಿದವಳು ನಾನೇ. ಕಾಫಿ ಕೊಟ್ಟು ಕಳಿಸಿದವಳೂ ನಾನೇ.

ಅದೂ ಹೋಗಲಿ ಅನ್ನಬಹುದಿತ್ತು. ಅದೇ ವಾರ ನಮ್ಮ ಮಹಿಳಾ ಸಂಘದ ಮೀಟಿಂಗು ನಮ್ಮ ಮನೆಯಲ್ಲಿತ್ತು. ಗೂಡು ನೋಡಲು ಎಲ್ಲರೂ ಹಿತ್ತಲಿಗೆ ಬಂದರು. ಒಬ್ಬಳು ಮೊಬೈಲು ತೆಗೆದು ವಿಡಿಯೋ ಮಾಡುತ್ತ, 'ಅಕ್ಕ, ಯಾರು ಮಾಡಿಕೊಟ್ರು ಹೇಳಿ' ಅಂದಳು. ನಾನು ಸೆರಗು ಸರಿಮಾಡಿಕೊಂಡು, 'ಯಾರೂ ಇಲ್ಲ ಕಣೇ. ನಾನೇ, ಒಬ್ಬಳೇ, ಕೈಯಾರೆ ಮಾಡಿದ್ದು' ಅಂದೆ. ಗಂಡಸರು ಯಾರೂ ಇಲ್ಲವಾ ಅಂದವನ ಮುಖ ಆಗ ನನ್ನ ಕಣ್ಣ ಮುಂದಿತ್ತು. ಅವನಿಗೆ ಉತ್ತರ ಕೊಡುವ ಭರದಲ್ಲಿ ಹಾಗಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ಗೋಡೆಯಾಚೆ ದೊಡ್ಡಪ್ಪ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಲಿಲ್ಲ. ಮೆಲ್ಲಗೆ ಇಳಿದು, ಸ್ಟೂಲನ್ನು ಎತ್ತಿಕೊಂಡು ಒಳಗೆ ಹೋದರು. ಆ ಸ್ಟೂಲನ್ನು ಅವರು ಯಾವತ್ತೂ ಒಳಗೆ ತೆಗೆದುಕೊಂಡು ಹೋಗುತ್ತಿರಲಿಲ್ಲ.

ಮಾರನೆಯ ದಿನ ಅವರ ಮನೆಗೆ ಹೋದೆ. ತಪ್ಪಾಯಿತು ದೊಡ್ಡಪ್ಪ, ಬಾಯಿ ತಪ್ಪಿ ಅಂದುಬಿಟ್ಟೆ ಅಂದೆ. 'ಬುಡು ಕಣವ್ವ. ನೀನೇ ಅಲ್ವಾ ಮೊಳೆ ಒಡ್ದಿದ್ದು' ಅಂದು ನಕ್ಕರು. ನಮ್ಮ ಕಡೆ ಈ 'ಬುಡು' ಅನ್ನುವ ಮಾತಿದೆಯಲ್ಲ, ಅದನ್ನು ಕ್ಷಮಿಸಿದವರೂ ಅನ್ನುತ್ತಾರೆ, ನಿನ್ನ ಹತ್ತಿರ ಏನು ಮಾತು ಅಂತ ಮನಸ್ಸು ಮುರಿದುಕೊಂಡವರೂ ಅನ್ನುತ್ತಾರೆ. ನನಗೆ ಬೇಕಾದ ಅರ್ಥವನ್ನು ನಾನು ತೆಗೆದುಕೊಂಡು ಮನೆಗೆ ಬಂದೆ. ಒಂದು ದಿನ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು, ಸಂಘದವರ ಎದುರಿಗೇ ವೀಳ್ಯ ಕೊಟ್ಟು, ಇದು ಇವರ ಕೆಲಸ ಅಂತ ಹೇಳಬೇಕು ಅಂದುಕೊಂಡೆ. ಮದುವೆ ತಿಂಗಳು ಬಂತು. ರವಿಕೆಗಳ ರಾಶಿ ಬಿತ್ತು. ಮುಂದಿನ ಮೀಟಿಂಗಿಗೆ, ಅದರ ಮುಂದಿನದಕ್ಕೆ...

ಗೋಡೆಯ ಹತ್ತಿರ ಅವರು ಬರುವುದು ಕಡಿಮೆಯಾಯಿತು. ಮೊದಲ ಮೊಟ್ಟೆಗಳನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಮಳೆ ಶುರುವಾದಾಗ ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆ ಸೇರಿದ ಒಂಬತ್ತನೆಯ ದಿನಕ್ಕೆ ತೀರಿಕೊಂಡರು. ಎರಡು ಸಲ ನೋಡಲು ಹೋಗಿದ್ದೆ, ಎರಡು ಸಲವೂ ಮಂಪರಿನಲ್ಲಿದ್ದರು. ಕಾರ್ಯವೆಲ್ಲ ಮುಗಿದ ಮೇಲೆ ದೊಡ್ಡಮ್ಮ ಹೇಳಿದರು, 'ಎಚ್ರ ಆದಾಗೆಲ್ಲ ಕೋಳಿಗೂಡಿನ ಬಾಗ್ಲು ಮಳೆಗೆ ಉಬ್ಬೈತಾ ನೋಡು ಅಂತಿದ್ರು ಕಣವ್ವ. ಯಾರ ಗೂಡು ತಾತ ಅಂತ ನರ್ಸಮ್ಮ ಕೇಳುದ್ರೆ, ನಮ್ಮ್ ಪಕ್ಕದ್ಮನೆ ಮಗ ಕಟ್ಟವ್ಳೆ, ಒಬ್ಳೇ, ಅಂದ್ರು.'

ಒಬ್ಬಳೇ. ನನ್ನ ಮಾತನ್ನೇ ಅವರು ಹೇಳಿದ್ದರು. ನನಗೆ ಮರ್ಯಾದೆ ಉಳಿಸಲು ಹಾಗಂದರೋ, ನೋವು ನುಂಗಿ ಹಾಗಂದರೋ, ಯಾರನ್ನು ಕೇಳಲಿ? ದೊಡ್ಡಮ್ಮನ ಎದುರು ಅತ್ತುಬಿಟ್ಟೆ. ಅವರು ದೊಡ್ಡಪ್ಪ ಹೋದದ್ದಕ್ಕೆ ಅಳುತ್ತಿದ್ದೇನೆ ಅಂತ ತಿಳಿದು ನನ್ನನ್ನೇ ಸಮಾಧಾನ ಮಾಡಿದರು.

ಸಂಘದವರಿಗೆ ನಿಜ ಹೇಳಿದೆ. 'ಹೋಗ್ಲಿ ಬಿಡಿ ಅಕ್ಕ, ತಾತ ಸ್ವಲ್ಪ ಸಹಾಯ ಮಾಡಿರ್ತಾರೆ' ಅಂದು ಅವರು ಬೇರೆ ಮಾತಿಗೆ ಹೋದರು. ವಾಚ್‌ಮನ್ ತಾತನಿಗೆ ಮರಗೆಲಸ ಬರುತ್ತಿತ್ತು ಅನ್ನುವುದನ್ನು ಬೀದಿಯಲ್ಲಿ ಯಾರೂ ಪೂರ್ತಿ ನಂಬಲಿಲ್ಲ. ಆಮೇಲೆ ಈ ಮೂರು ವರ್ಷದಲ್ಲಿ ಗೂಡಿನ ಬಗ್ಗೆ ಯಾರೂ ಕೇಳಲಿಲ್ಲ. ಕೇಳದವರಿಗೆ ಹಿಡಿದು ನಿಲ್ಲಿಸಿ ಹೇಳುವುದು ಹೇಗೆ? ನಾಲ್ಕರಲ್ಲಿ ಈಗ ಎರಡು ಕೋಳಿ ಉಳಿದಿವೆ. ಮೂರು ಮಳೆಗಾಲ ಕಳೆದರೂ ಬಾಗಿಲು ಉಬ್ಬಿಲ್ಲ.

ಇವತ್ತು ಮಧ್ಯಾಹ್ನ ಕುವೆಂಪುನಗರದಿಂದ ಹೊಸ ಗಿರಾಕಿಯೊಬ್ಬರು ಸ್ಕೂಟರಿನಲ್ಲಿ ಬಂದರು. ಮಗಳ ರವಿಕೆಗೆ ಅಳತೆ ಕೊಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೂಗಿದರು. 'ಎಷ್ಟು ಚೆನ್ನಾಗಿದೆ ಕಣ್ರೀ ಈ ಗೂಡು. ಯಾರು ಮಾಡಿದ್ದು?'

ನಾನು ಓಡಿ ಹೋದೆ. ದೊಡ್ಡಪ್ಪನ ಹೆಸರು ಹೇಳಿದೆ, ಅವರ ಅಪ್ಪನ ಹೆಸರು ಹೇಳಿದೆ. ಅವರು ಮಾಡಿದ ಬಾಗಿಲುಗಳ ವಿಷಯ, ಆಯದ ವಿಷಯ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಮೊಳೆ ಹೊಡೆದದ್ದಷ್ಟೇ ನಾನು, ಕೆಲಸ ಅವರದು ಅಂದೆ. ಆಕೆ ಪೂರ್ತಿ ಕೇಳಿಸಿಕೊಂಡು, ಸಂತೋಷದಿಂದ ಬ್ಯಾಗಿನಿಂದ ಮೊಬೈಲು ತೆಗೆದರು. 'ನಮ್ಮನೆ ಟೆರೇಸ್ ಮೇಲೂ ಒಂದು ಮಾಡಿಸ್ಬೇಕು. ಹೆಸರು ಇನ್ನೊಂದ್ಸಲ ಹೇಳಿ' ಅಂದರು. ಹೇಳಿದೆ. ಅವರು ಒಂದೊಂದೇ ಅಕ್ಷರ ಒತ್ತಿ ಬರೆದುಕೊಂಡು, ಸರಿಯಾ ಅಂತ ನನಗೆ ತೋರಿಸಿದರು. ಹೆಸರು ಸರಿಯಾಗಿತ್ತು. ಮುಂದೆ 'ಕಾರ್ಪೆಂಟರ್' ಅಂತಲೂ ಹಾಕಿದ್ದರು.

'ಹ್ಞೂಂ, ನಂಬರ್ ಹೇಳಿ' ಅಂದರು.

ದೊಡ್ಡಪ್ಪ ಹೋಗಿ ಮೂರು ವರ್ಷ ಆಯ್ತು ಅಂದೆ.

'ಅಯ್ಯೋ ಪಾಪ' ಅಂದರು ಆಕೆ. ಒಳ್ಳೆಯ ಹೆಂಗಸು, ನಿಜವಾಗಿ ನೊಂದುಕೊಂಡೇ ಅಂದರು. ಅನ್ನುತ್ತ, ಬರೆದುಕೊಂಡಿದ್ದ ಹೆಸರನ್ನು ಅಳಿಸಿದರು.